ಮಗನಿಗೆ ಶ್ಲೋಕ, ಮುಂದಿನ ವರ್ಷ ಮುಂಜಿ: ಇದು ಬ್ರೈನ್‌ವಾಶ್ ಆಗುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಶಿವಮೊಗ್ಗದಲ್ಲಿ ಅತ್ತೆ, ಮಾವನ ಜೊತೆ ಇದ್ದೇವೆ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಅವನನ್ನು ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಾರೆ, ರಾಮಾಯಣದ ಕಥೆ ಹೇಳುತ್ತಾರೆ. ಮುಂದಿನ ವರ್ಷ ಅವನಿಗೆ ಮುಂಜಿ ಆಗಲೇಬೇಕು ಅಂತ ಮಾವ ಹಟ ಹಿಡಿದಿದ್ದಾರೆ. ನನ್ನ ಪತಿಗೆ ದೇವರಲ್ಲಿ ನಂಬಿಕೆ ಇಲ್ಲ. 'ಬುದ್ಧಿ ಬಲಿಯದ ಮಗುವಿನ ತಲೆಗೆ ಇದನ್ನೆಲ್ಲ ತುಂಬುವುದು ಬ್ರೈನ್‌ವಾಶ್. 18 ತುಂಬಲಿ, ಅವನೇ ಆರಿಸಿಕೊಳ್ಳಲಿ' ಅನ್ನುತ್ತಾರೆ. ನನಗೆ ಎರಡೂ ಕಡೆಯ ಮಾತು ಅರ್ಧ ಸರಿ ಅನ್ನಿಸುತ್ತದೆ. ಮಕ್ಕಳಿಗೆ ಧರ್ಮ ಕಲಿಸುವುದು ನಿಜಕ್ಕೂ ತಪ್ಪೇ? ಮುಂಜಿ ವಿಷಯದಲ್ಲಿ ಏನು ಮಾಡಲಿ? (5 ವರ್ಷದ ಮಗಳೂ ಇದ್ದಾಳೆ. ಅವಳ ವಿಷಯದಲ್ಲಿ ಸದ್ಯಕ್ಕೆ ಏನೂ ತಕರಾರಿಲ್ಲ.)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಧರ್ಮ ಕಲಿಸಿದ ಮಾತ್ರಕ್ಕೆ ಅದು ಬ್ರೈನ್‌ವಾಶ್ ಆಗುವುದಿಲ್ಲ. ಆಗುವ ಸಾಧ್ಯತೆ ಖಂಡಿತ ಇದೆ. ಆದರೆ ನಿಮ್ಮ ಪತಿ ಅದನ್ನು ಬೇರೆ ಕಡೆ ಹುಡುಕುತ್ತಿದ್ದಾರೆ. ಅತ್ತೆ ಗಟ್ಟಿಯಾಗಿ ಹೇಳಿಕೊಡುವ ಶ್ಲೋಕದ ಬಗ್ಗೆ ನನಗೆ ಅಂಥ ಚಿಂತೆ ಇಲ್ಲ. ಯಾರೂ ಬಾಯಿಬಿಟ್ಟು ಹೇಳದೆ ಮನೆಯಲ್ಲಿ ಕಲಿಸಿಬಿಡುವ ಸಂಗತಿಗಳ ಬಗ್ಗೆ ಇದೆ. ಅಲ್ಲಿಗೆ ಬರುವ ಮೊದಲು '18 ತುಂಬಲಿ' ಅನ್ನುವ ಮಾತನ್ನು ನೋಡೋಣ.

ಈ ಮಾತು ಜಗಳ ಎಬ್ಬಿಸಿದ್ದು ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. 2008ರಲ್ಲಿ ಕೇರಳದ 7ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ 'ಮತವಿಲ್ಲದ ಜೀವನ್' ಅಂತ ಒಂದು ಪುಟ್ಟ ಭಾಗ ಇತ್ತು. ಜೀವನ್ ಅನ್ನುವುದು ಹುಡುಗನ ಹೆಸರು. ಅಪ್ಪ, ಅಮ್ಮ ಅವನನ್ನು ಶಾಲೆಗೆ ಸೇರಿಸಲು ಬರುತ್ತಾರೆ. ಅಪ್ಪನದು ಮುಸ್ಲಿಂ ಹೆಸರು, ಅಮ್ಮನದು ಹಿಂದೂ ಹೆಸರು. ಹುಡುಗನ ಮತ ಯಾವುದು ಅಂತ ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಯಾವುದೂ ಬೇಡ ಅನ್ನುತ್ತಾರೆ ಅಪ್ಪ, ಅಮ್ಮ. ದೊಡ್ಡವನಾದ ಮೇಲೆ ಅವನಿಗೇ ಬೇಕು ಅನ್ನಿಸಿದರೆ? ಇಷ್ಟ ಬಂದದ್ದನ್ನು ಆರಿಸಿಕೊಳ್ಳಲಿ. ಅಷ್ಟೇ ಪಾಠ. ಅಷ್ಟಕ್ಕೇ ರಾಜ್ಯ ಹೊತ್ತಿಕೊಂಡಿತು. ಚರ್ಚುಗಳು, ಮುಸ್ಲಿಂ ಸಂಘಟನೆಗಳು ಬೀದಿಗಿಳಿದವು. ಪುಸ್ತಕ ಸುಟ್ಟರು. ಮಲಪ್ಪುರಂ ಜಿಲ್ಲೆಯಲ್ಲಿ ಪ್ರತಿಭಟನೆಯ ಗಲಾಟೆಗೆ ಸಿಕ್ಕಿ ಒಬ್ಬ ಮುಖ್ಯೋಪಾಧ್ಯಾಯರು ಪ್ರಾಣ ಕಳೆದುಕೊಂಡರು.

ಆ ಪಾಠದಲ್ಲಿ ನನಗೆ ಏನೂ ತಪ್ಪು ಕಾಣುವುದಿಲ್ಲ. ಮಗನನ್ನು ಹಾಗೆ ಬೆಳೆಸಲು ಆ ತಂದೆ ತಾಯಿಗೆ ಪೂರ್ತಿ ಹಕ್ಕಿದೆ. ಕಷ್ಟ ಶುರುವಾಗುವುದು ಅದನ್ನೇ ಎಲ್ಲರಿಗೂ ನಿಯಮ ಮಾಡಲು ಹೊರಟಾಗ. ಯಾಕೆಂದರೆ 18 ತುಂಬುವವರೆಗೆ ಮಗು ಖಾಲಿಯಾಗಿ ಕೂತಿರುವುದಿಲ್ಲ. ಪಕ್ಕದ ಮನೆಯ ಗಣಪತಿ, ಶಾಲೆಯ ಶಾರದಾ ಪೂಜೆ, ಗೆಳೆಯ ತಂದುಕೊಡುವ ರಂಜಾನ್ ಖರ್ಜೂರ, ದೊಡ್ಡವರ ಫೋನಿಗೆ ಬರುವ ಫಾರ್ವರ್ಡು, ಎಲ್ಲದರಿಂದಲೂ ಕಲಿಯುತ್ತಾ ಇರುತ್ತದೆ. ಮನೆಯಲ್ಲಿ ಯಾರೋ ತೀರಿಕೊಂಡ ದಿನ 'ಈಗ ಅವ್ರು ಎಲ್ಲಿಗೆ ಹೋದ್ರು?' ಅಂತ ಕೇಳುತ್ತದೆ. 'ಸ್ವರ್ಗಕ್ಕೆ' ಅಂದರೆ ಅದೊಂದು ನಂಬಿಕೆ. 'ಎಲ್ಲಿಗೂ ಇಲ್ಲ, ಮುಗೀತು' ಅಂದರೆ ಅದೂ ಒಂದು ನಿಲುವು. 'ಅಜ್ಜಿ ಹೀಗೆ ನಂಬ್ತಾರೆ, ಅಪ್ಪ ಹಾಗೆ ಅಂದ್ಕೊಂಡಿದಾರೆ, ನಂಗಿನ್ನೂ ಗೊತ್ತಿಲ್ಲ' ಅನ್ನಬಹುದು, ಅದು ಒಳ್ಳೆಯ ಉತ್ತರವೂ ಹೌದು. ಆದರೆ ಹಾಗೆ ಅನ್ನಬೇಕಾದರೂ ಅಜ್ಜಿ ಏನು ನಂಬುತ್ತಾರೆ ಅಂತ ಮಗುವಿಗೆ ಹೇಳಲೇಬೇಕು ಅಲ್ವಾ?

ಇನ್ನೊಂದು ಮಾತು ನಿಮ್ಮ ಪತಿಗೆ. ದೇವರನ್ನು ತೆಗೆದುಹಾಕಿದ ಕೂಡಲೇ ತಲೆಗೆ ತುಂಬುವ ಕೆಲಸ ನಿಲ್ಲುವುದಿಲ್ಲ. ಸೋವಿಯತ್ ರಷ್ಯಾದಲ್ಲಿ 1918ರಲ್ಲೇ ಶಾಲೆಗಳಿಂದ ಧರ್ಮಬೋಧನೆಯನ್ನು ಹೊರಗಿಟ್ಟರು. 1925ರಲ್ಲಿ ನಾಸ್ತಿಕರ ಸಂಘ ಕಟ್ಟಿದರು. ಮಕ್ಕಳನ್ನೂ ಸೇರಿಸಿಕೊಂಡು, ದೇವರಿಲ್ಲ ಅನ್ನುವುದನ್ನು ಘೋಷಣೆ ಕೂಗಿಸಿ ಕಲಿಸಿದರು. ಅಲ್ಲೂ ಮಗು ತಿರುಗಿ ಪ್ರಶ್ನೆ ಕೇಳುವಂತಿರಲಿಲ್ಲ.

ಹಾಗಾದರೆ ಕಲಿಸುವುದಕ್ಕೂ ತಲೆಗೆ ತುಂಬುವುದಕ್ಕೂ ಗೆರೆ ಎಲ್ಲಿ? 1960, 70ರ ದಶಕಗಳಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳ ಶಿಕ್ಷಣ ತತ್ವಶಾಸ್ತ್ರಜ್ಞರು ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಜಗಳವಾಡಿದರು. ಏನು ಕಲಿಸುತ್ತಾರೆ ಅನ್ನುವುದನ್ನು ನೋಡಬೇಕು ಅಂದರು ಕೆಲವರು. ಪುರಾವೆ ಇಲ್ಲದ್ದನ್ನು ಕಲಿಸಿದರೆ ಅದು ತುಂಬುವುದು. ಹಾಗಂದರೆ 'ಇನ್ನೊಬ್ಬರಿಗೆ ನೋವು ಮಾಡಬಾರದು' ಅನ್ನುವುದಕ್ಕೂ ಪ್ರಯೋಗಶಾಲೆಯ ಪುರಾವೆ ಇಲ್ಲ, ಅದನ್ನೂ ಬಿಡಬೇಕಾಗುತ್ತದೆ. ಹೇಗೆ ಕಲಿಸುತ್ತಾರೆ ಅನ್ನುವುದನ್ನು ನೋಡಿ ಅಂದರು ಇನ್ನು ಕೆಲವರು. ಬಾಯಿಪಾಠ ಮಾಡಿಸಿದರೆ ತುಂಬುವುದು. ಮಗ್ಗಿಯನ್ನೂ ನಾವು ಬಾಯಿಪಾಠವೇ ಮಾಡಿದ್ದೇವೆ. ಉದ್ದೇಶ ನೋಡಿ ಅಂದರು ಮತ್ತೊಂದಷ್ಟು ಜನ. ನಿಮ್ಮ ಅತ್ತೆಯ ಉದ್ದೇಶ ಕೇಳಿ ನೋಡಿ, ಮೊಮ್ಮಗ ಚೆನ್ನಾಗಿರಲಿ ಅನ್ನುವುದೇ ಇರುತ್ತದೆ. ಕೊನೆಗೆ ಫಲಿತಾಂಶ: ದೊಡ್ಡವನಾದ ಮೇಲೆ ತನ್ನ ನಂಬಿಕೆಯನ್ನು ಎದುರಿಗಿಟ್ಟುಕೊಂಡು ನೋಡಲು ಬರುತ್ತದೆಯೋ ಇಲ್ಲವೋ. ಇದು ಸರಿ ಅನ್ನಿಸುತ್ತದೆ, ಆದರೆ 20 ವರ್ಷ ಕಾದು ನೋಡಬೇಕು. ಅಪ್ಪ, ಅಮ್ಮಂದಿರಿಗೆ ಇವತ್ತು ಸಂಜೆ ಬಳಸಲು ಬರುವ ಅಳತೆ ಬೇಕು.

ನಾನು ಬಳಸುವ ಅಳತೆ ಸರಳ. ಮಗು ಪ್ರಶ್ನೆ ಕೇಳಿದಾಗ ಆ ಪ್ರಶ್ನೆಗೆ ಏನಾಗುತ್ತದೆ ಅಂತ ನೋಡುತ್ತೇನೆ. 'ಹನುಮಂತ ಸೂರ್ಯನನ್ನ ಹಿಡಿಯೋಕೆ ಹೋದಾಗ ಸುಟ್ಟುಹೋಗ್ಲಿಲ್ವಾ ಅಜ್ಜಿ?' ಅಂತ ಕೇಳಿದರೆ ಅಜ್ಜಿ ನಕ್ಕು, ಇನ್ನೊಂದು ಕಥೆ ಸೇರಿಸಿ, 'ನೀನೇ ಯೋಚ್ನೆ ಮಾಡು' ಅಂದರೆ ಅಲ್ಲಿ ಕಲಿಕೆ ನಡೆಯುತ್ತಿದೆ. 'ಹಾಗೆಲ್ಲ ಕೇಳಿದ್ರೆ ಪಾಪ ಬರತ್ತೆ' ಅಂದರೆ ಅಲ್ಲಿ ಬಾಗಿಲು ಹಾಕಿದರು. ಮಗು ನಂಬದೆ ಇದ್ದರೆ ಏನನ್ನು ಕಳೆದುಕೊಳ್ಳುತ್ತದೆ ಅನ್ನುವುದು ಇದರ ಮುಂದಿನ ಮಾತು. ಏನೂ ಇಲ್ಲವೋ, ಒಂದು ಬೈಗುಳವೋ, ಇಲ್ಲ ಅಜ್ಜಿಯ ಮಡಿಲೋ? ಪ್ರೀತಿಯನ್ನೇ ಪಣಕ್ಕಿಟ್ಟಾಗ 8 ವರ್ಷದ ಹುಡುಗ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾನೆ. ಬ್ರೈನ್‌ವಾಶ್ ಅನ್ನುವ ಪದವನ್ನು ಬಳಸುವುದಾದರೆ ನಾನು ಅಲ್ಲಿ ಬಳಸುತ್ತೇನೆ.

ಈಗ ನಾನು ಆಗಲೇ ಹೇಳಿದ ಮಾತಿಗೆ, ಯಾರೂ ಬಾಯಿಬಿಟ್ಟು ಹೇಳದೆ ಕಲಿಸಿಬಿಡುವ ಸಂಗತಿಗಳಿಗೆ, ಬರುತ್ತೇನೆ.

ಮಕ್ಕಳು ಕಣ್ಣಿಗೆ ಕಾಣದ ವಸ್ತುಗಳನ್ನು ಹೇಗೆ ನಂಬುತ್ತಾರೆ ಅಂತ ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು ಪುಟ್ಟ ಮಕ್ಕಳನ್ನು ರೋಗಾಣುಗಳ ಬಗ್ಗೆ ಕೇಳಿದರು, ದೇವರ ಬಗ್ಗೆಯೂ ಕೇಳಿದರು. ಎರಡನ್ನೂ ಮಕ್ಕಳು ನೋಡಿಲ್ಲ. ಎರಡೂ ಇವೆ ಅಂತಲೇ ಹೆಚ್ಚಿನವರು ಹೇಳಿದರು. ಆದರೆ ರೋಗಾಣುಗಳ ವಿಷಯದಲ್ಲಿ ಅವರಿಗೆ ಖಾತ್ರಿ ಜಾಸ್ತಿ, ದೇವರ ವಿಷಯದಲ್ಲಿ ಸ್ವಲ್ಪ ಕಡಿಮೆ. ಯಾಕೆ? ಸಂಶೋಧಕರು ಮುಂದಿಟ್ಟ ಒಂದು ಕಾರಣ ನನಗೆ ತುಂಬ ಹಿಡಿಸಿತು. ದೊಡ್ಡವರು ದೇವರ ಬಗ್ಗೆ ಮಾತಾಡುವಾಗ 'ನಾನು ನಂಬುತ್ತೇನೆ' ಅನ್ನುತ್ತಾರೆ. ರೋಗಾಣುಗಳನ್ನು ನಂಬುತ್ತೇನೆ ಅಂತ ಯಾರೂ ಹೇಳುವುದಿಲ್ಲ. ಸುಮ್ನೆ 'ಕೈ ತೊಳ್ಕೋ' ಅನ್ನುತ್ತಾರೆ. ನಂಬುತ್ತೇನೆ ಅಂದಾಗ ನಂಬದವರೂ ಇರಬಹುದು ಅನ್ನುವ ಸುಳಿವು ಮಗುವಿಗೆ ಸಿಗುತ್ತದೆ. ಕೈ ತೊಳ್ಕೋ ಅಂದಾಗ ಆ ಸುಳಿವೇ ಇರುವುದಿಲ್ಲ.

ರೋಗಾಣುಗಳ ವಿಷಯದಲ್ಲಿ ಅದು ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಗಳಲ್ಲಿ ಇದೇ ದಾರಿಯಲ್ಲಿ ಇನ್ನೂ ಏನೇನು ಒಳಗೆ ಹೋಗುತ್ತದೆ ಅಂತ ಯೋಚಿಸಿ. ನಾನು ಜಾತಿಯನ್ನು ನಂಬುತ್ತೇನೆ ಅಂತ ಮಗುವಿನ ಎದುರು ಯಾರೂ ಹೇಳುವುದಿಲ್ಲ. ಕೆಲಸದವರ ಲೋಟ ಬೇರೆ ಇರುತ್ತದೆ, ಅಷ್ಟೇ. ಅದನ್ನು ಹಿತ್ತಿಲ ಕಿಟಕಿಯಲ್ಲಿ ಬೋರಲು ಹಾಕಿರುತ್ತಾರೆ. ಮಗನ ಜೊತೆ ಆಡಲು ಬಂದ ಹುಡುಗನಿಗೆ ತಿಂಡಿ ಕೊಡುತ್ತಲೇ 'ನಿಮ್ಮಪ್ಪನ ಹೆಸರೇನಪ್ಪ? ಊರು ಯಾವುದು?' ಅಂತ ಕೇಳಿ, ಉತ್ತರ ಬಂದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಮೇಲಿನ ಮನೆ ಬಾಡಿಗೆಗೆ ಕೊಡುವಾಗ 'ನಮ್ಮೋರೇ ಆದ್ರೆ ತೊಂದ್ರೆ ಇಲ್ಲ' ಅನ್ನುತ್ತಾರೆ. ಪಾಠ ಇಲ್ಲ, ಶ್ಲೋಕ ಇಲ್ಲ, ಪರೀಕ್ಷೆ ಇಲ್ಲ. ಮಗು ಇಷ್ಟನ್ನೂ ಕಲಿತು ಮುಗಿಸಿರುತ್ತದೆ. ಹನುಮಂತ ಸುಟ್ಟುಹೋಗಲಿಲ್ವಾ ಅಂತ ಕೇಳಬಹುದು, ಯಾಕೆಂದರೆ ಅದನ್ನು ಯಾರೋ ಗಟ್ಟಿಯಾಗಿ ಹೇಳಿದರು. ಹೇಳದೇ ಇದ್ದದ್ದರ ಬಗ್ಗೆ ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಇದು ಒಂದು ಧರ್ಮದವರ ರೋಗವೂ ಅಲ್ಲ. ಪುಸ್ತಕದಲ್ಲಿ ಜಾತಿಯೇ ಇಲ್ಲದ ಧರ್ಮಗಳವರೂ ನಮ್ಮಲ್ಲಿ ಮದುವೆ ಮಾತುಕತೆಗೆ ಕೂತಾಗ ಮನೆತನ ಕೇಳುತ್ತಾರೆ. ದೇವರನ್ನು ನಂಬದವರ ಮನೆಯಲ್ಲೂ ಇದು ನಡೆಯುತ್ತದೆ. ಪೂಜೆ ಬಿಟ್ಟ ಎಷ್ಟೋ ಜನ ಮಗಳಿಗೆ ಗಂಡು ಹುಡುಕುವಾಗ ಮಾತ್ರ 'ನಮ್ಮವರಲ್ಲೇ' ಅನ್ನುವುದನ್ನು ನೀವೂ ಕಂಡಿರುತ್ತೀರಿ.

ಹೆದರಿಕೆಯದು ಬೇರೆ ಕಥೆ. ಅದರಲ್ಲಿ ನಾನು ರಾಜಿಗೆ ತಯಾರಿಲ್ಲ. 'ಸುಳ್ಳು ಹೇಳಿದ್ರೆ ದೇವ್ರು ಕಣ್ಣು ಕಿತ್ಕೋತಾನೆ' ಅನ್ನುವುದನ್ನು ನಾವೆಲ್ಲ ಕೇಳಿಕೊಂಡೇ ಬೆಳೆದೆವು, ಏನೂ ಆಗಲಿಲ್ಲ ಅಂತ ಕೆಲವರು ನಗುತ್ತಾರೆ. ಆಗದೇ ಇದ್ದವರು ನಗುತ್ತಾರೆ. ರಾತ್ರಿ ದೀಪ ಆರಿಸಲು ಬಿಡದ ಮಕ್ಕಳ ಬಗ್ಗೆ ಶಿಶುತಜ್ಞರನ್ನು ಕೇಳಿ. ನರಕದ ಎಣ್ಣೆಕೊಪ್ಪರಿಗೆ ಇರಲಿ, ಕಡೆಯ ದಿನದ ಬೆಂಕಿ ಇರಲಿ, 6-7 ವರ್ಷದ ಮಗು ಅದನ್ನು ದೃಷ್ಟಾಂತ ಅಂತ ತೆಗೆದುಕೊಳ್ಳುವುದಿಲ್ಲ. ಹಾಗೆಯೇ 'ಆ ಧರ್ಮದವರು ಹೀಗೆ' ಅನ್ನುವ ಮಾತು. ತನ್ನ ದೇವರ ಬಗ್ಗೆ ಕಲಿತ ಮಗು ಮುಂದೆ ಬೇಕಾದರೆ ಬಿಡಬಹುದು. ಪಕ್ಕದ ಬೆಂಚಿನ ಹುಡುಗನ ಬಗ್ಗೆ ಕಲಿತ ಅಸಹ್ಯ ಹಾಗೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ದೇವರನ್ನು ಬಿಟ್ಟ ಮೇಲೂ ಅದು ಉಳಿಯುತ್ತದೆ.

ಹೆದರಿಕೆ ಮತ್ತು ಧರ್ಮ ಎರಡೂ ಸೇರಿ ಮಗುವಿನ ಇಡೀ ಬದುಕನ್ನೇ ಕಟ್ಟಿಹಾಕಿದ ಉದಾಹರಣೆ ದೂರದ್ದೇನಲ್ಲ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಬಹುಪಾಲು ದಲಿತರ ಮನೆಯ ಹುಡುಗಿಯರು. ದೇವಿ ಎಲ್ಲಮ್ಮ ಮುನಿದಾಳು ಅಂತ ತಂದೆ ತಾಯಿಯೇ ಮುಂದೆ ನಿಂತು ಕಟ್ಟಿಸುತ್ತಿದ್ದರು, ಹುಡುಗಿಗೆ ಏನು ನಡೆಯುತ್ತಿದೆ ಅಂತ ತಿಳಿಯುವ ವಯಸ್ಸೂ ಆಗಿರುತ್ತಿರಲಿಲ್ಲ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ತಂದೆ ತಾಯಿಯ ಧಾರ್ಮಿಕ ಹಕ್ಕು ಮಗುವಿನ ದೇಹದ ಹತ್ತಿರ ಬಂದಾಗ ನಿಲ್ಲಬೇಕು ಅಂತ ಸರ್ಕಾರ ಹೇಳಿದ್ದು ಅದು. ಸಂಜೆಯ ಶ್ಲೋಕವನ್ನೂ ಇದನ್ನೂ ಒಂದೇ ಪದದಲ್ಲಿ ಕರೆದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮಗುವಿನ ಪರವಾಗಿ ದೊಡ್ಡವರು ಧರ್ಮ ಆರಿಸಬಹುದೇ ಅನ್ನುವ ಪ್ರಶ್ನೆಯನ್ನು ನಾಸ್ತಿಕರು ಹುಟ್ಟುಹಾಕಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಧರ್ಮದ ಒಳಗಿನವರೇ ಈ ಪ್ರಶ್ನೆಗೆ ಜೀವ ಕೊಟ್ಟಿದ್ದಾರೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕ್ರೈಸ್ತರ ಒಂದು ಸಣ್ಣ ಗುಂಪು, ಹಸುಗೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸುವುದರಲ್ಲಿ ಅರ್ಥವಿಲ್ಲ, ನಂಬುವುದೇನು ಅಂತ ಕೂಸಿಗೆ ಗೊತ್ತಿಲ್ಲ ಅಂತ ಹೇಳಿ ದೊಡ್ಡವರಿಗೇ ದೀಕ್ಷಾಸ್ನಾನ ಕೊಡಲು ಶುರುಮಾಡಿತು. ಅವರಲ್ಲಿ ಒಬ್ಬರಾದ ಫೆಲಿಕ್ಸ್ ಮಾಂಜ್ ಎಂಬುವರನ್ನು 1527ರ ಜನವರಿಯಲ್ಲಿ ನಗರದ ಆಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಅಂದರೆ 'ದೊಡ್ಡವನಾಗಿ ಅವನೇ ಆರಿಸಿಕೊಳ್ಳಲಿ' ಅನ್ನುವ ನಿಮ್ಮ ಪತಿಯ ಮಾತಿಗೆ 500 ವರ್ಷದ ಹಿಂದೆ ತಲೆ ಕೊಟ್ಟವರು ಕಟ್ಟಾ ದೈವಭಕ್ತರು!

ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಮುಂದಿನ ತಿರುವು ನಮಗೆ ಹೆಚ್ಚು ಬೇಕಾದದ್ದು. ಇದೇ ಪರಂಪರೆಯಿಂದ ಬಂದವರು ಅಮೆರಿಕದ ಆಮಿಶ್ ಜನ. ಕಾರು, ಮನೆಗೆ ಕರೆಂಟು ಬೇಡ ಅನ್ನುವವರು. ಅವರಲ್ಲಿ ಇವತ್ತಿಗೂ ದೀಕ್ಷಾಸ್ನಾನ ದೊಡ್ಡವರಾದ ಮೇಲೆಯೇ. ಆದರೆ ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಾಲೆ ಕಡ್ಡಾಯ ಇದ್ದಾಗ ಮೂವರು ತಂದೆಯರು 8ನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಹೈಸ್ಕೂಲಿಗೆ ಹೋದರೆ ನಮ್ಮ ಧರ್ಮದ ಬದುಕಿಗೆ ಧಕ್ಕೆ ಅಂದರು. ತಲಾ 5 ಡಾಲರ್ ದಂಡ ಬಿತ್ತು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಮಿಶರ ಪರವಾಗಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಒಂದು ಭಾಗಕ್ಕೆ ಒಪ್ಪಲಿಲ್ಲ. ತಂದೆಯರನ್ನು ಕೇಳಿದಿರಿ, ಮಕ್ಕಳನ್ನು ಕೇಳಿದಿರಾ ಅನ್ನುವುದು ಅವರ ತಕರಾರು. ಆ ಹುಡುಗನಿಗೆ ಪಿಯಾನೋ ನುಡಿಸುವ ಆಸೆ ಇರಬಹುದು, ಗಗನಯಾತ್ರಿಯಾಗುವ ಆಸೆ ಇರಬಹುದು ಅಂತ ಬರೆದರು.

ಡಗ್ಲಸ್ ಮಾತು ನನಗೆ ಸರಿ ಅನ್ನಿಸುತ್ತದೆ. ದೊಡ್ಡವನಾಗಿ ಆರಿಸಿಕೋ ಅಂತ ಹೇಳಿ, ಅಷ್ಟರೊಳಗೆ ಉಳಿದ ದಾರಿಗಳನ್ನೆಲ್ಲ ಮುಚ್ಚಿಬಿಟ್ಟರೆ ಆರಿಸಲು ಏನು ಉಳಿಯಿತು? ಅಮೆರಿಕದ ತತ್ವಶಾಸ್ತ್ರಜ್ಞ ಜೋಯಲ್ ಫೈನ್‌ಬರ್ಗ್ 1980ರಲ್ಲಿ ಇದನ್ನೇ ಮಗುವಿನ ಹಕ್ಕು ಅಂತ ವಾದಿಸಿದರು: ಮುಂದೆ ತಾನೇ ತೀರ್ಮಾನ ಮಾಡುವವರೆಗೆ ಮಗುವಿನ ದಾರಿಗಳನ್ನು ತೆರೆದಿಡಬೇಕು. ಹಾಗೆ ನೋಡಿದರೆ ಸಂಜೆ ಶ್ಲೋಕ ಹೇಳಿ, ಬೆಳಗ್ಗೆ ಬೇರೆ ಬೇರೆ ಮನೆಗಳ ಮಕ್ಕಳಿರುವ ಶಾಲೆಗೆ ಹೋಗಿ, ಸಿಕ್ಕಿದ ಪುಸ್ತಕ ಓದುವ ನಿಮ್ಮ ಮಗನ ದಾರಿ ಮುಚ್ಚಿಲ್ಲ.

ನಮ್ಮ ಕಾನೂನು ಈ ಬಗ್ಗೆ ಏನು ಹೇಳುತ್ತದೆ ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ಅಲ್ಲೊಂದು ಸ್ವಾರಸ್ಯ ಇದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಧರ್ಮಬೋಧನೆ ನಡೆದರೆ ಅದಕ್ಕೆ ಕೂರಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ, ಒಪ್ಪಿಗೆ ಬೇಕು. ಯಾರ ಒಪ್ಪಿಗೆ? ಮಗುವಾದರೆ ಪೋಷಕರದು. ಮಗುವನ್ನು ಕೇಳುವ ಮಾತು ಅಲ್ಲಿಲ್ಲ. ಜರ್ಮನಿಯಲ್ಲಿ 1921ರ ಒಂದು ಕಾನೂನು ಇನ್ನೂ ಜಾರಿಯಲ್ಲಿದೆ. 12 ತುಂಬಿದ ಮಗುವನ್ನು ಅದರ ಇಷ್ಟಕ್ಕೆ ವಿರುದ್ಧವಾಗಿ ಬೇರೆ ಧರ್ಮದಲ್ಲಿ ಬೆಳೆಸುವಂತಿಲ್ಲ. 14 ತುಂಬಿದ ಮೇಲೆ ತನ್ನ ಧರ್ಮವನ್ನು ಮಗುವೇ ತೀರ್ಮಾನಿಸುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ನಡುವಿನ ದಾರಿ ಹಿಡಿದಿದೆ. ಮಗುವಿಗೆ ಧರ್ಮದ ಸ್ವಾತಂತ್ರ್ಯ ಇದೆ, ದಾರಿ ತೋರಿಸುವ ಹಕ್ಕು ತಂದೆ ತಾಯಿಗೆ ಇದೆ, ಆದರೆ ಮಗುವಿನ ಬುದ್ಧಿ ಬೆಳೆದ ಹಾಗೆ ಅದಕ್ಕೆ ತಕ್ಕಂತೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ತಂದೆ ತಾಯಿ ಕಲಿಸಿದ ನಂಬಿಕೆ ಮಗುವಿನ ಸ್ವಂತ ನಂಬಿಕೆ ಆಗಲು ಸಾಧ್ಯವೇ ಇಲ್ಲ ಅನ್ನುವವರಿಗೆ ನಾನು ಒಂದು ಪ್ರಕರಣ ನೆನಪಿಸುತ್ತೇನೆ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಒಬ್ಬ ಅಣ್ಣ, ಇಬ್ಬರು ತಂಗಿಯರನ್ನು ಹೊರಗೆ ಹಾಕಿದರು. 10, 9 ಮತ್ತು 5ನೇ ತರಗತಿಯ ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನ್ಯುಯೆಲ್ ಪ್ರಕರಣ ಅಂತ ಹೆಸರಾದ ಈ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಅಂದಿತು. ಇದನ್ನು ನಿಮ್ಮಪ್ಪ ಹೇಳಿಕೊಟ್ಟದ್ದಲ್ವಾ ಅಂತ ಹೇಳಿ ಆ ಮಕ್ಕಳ ನಂಬಿಕೆಯನ್ನು ನ್ಯಾಯಾಲಯ ತಳ್ಳಿಹಾಕಲಿಲ್ಲ. ಹೇಳಿಕೊಟ್ಟದ್ದೇ ಇರಬಹುದು. ಇಡೀ ಶಾಲೆಯ ಎದುರು ಬಾಯಿ ಮುಚ್ಚಿ ನಿಲ್ಲುವ ಹೊತ್ತಿಗೆ ಅದು ಆ ಮಕ್ಕಳದ್ದಾಗಿತ್ತು.

ಧರ್ಮವೂ ಮಾತೃಭಾಷೆಯ ಹಾಗೆ, ಮಗುವನ್ನು ಕೇಳಿ ಕಲಿಸುವುದಿಲ್ಲ ಅಂತ ಒಂದು ವಾದ ಇದೆ. ನಿಮ್ಮ ಮಾವ ಈ ಮಾತು ಹೇಳಬಹುದು. ಅರ್ಧ ಒಪ್ಪುತ್ತೇನೆ. ಹಾಡು, ಹಬ್ಬ, ಕಥೆ, ಕೈಮುಗಿಯುವ ರೀತಿ ಇವೆಲ್ಲ ಭಾಷೆಯ ಹಾಗೆಯೇ ಬರುತ್ತವೆ, ಬರಲಿ. ಆದರೆ ಕನ್ನಡ ಕಲಿತ ಮಗುವಿಗೆ ತಮಿಳು ಮಾತಾಡುವವರು ನರಕಕ್ಕೆ ಹೋಗುತ್ತಾರೆ ಅಂತ ವ್ಯಾಕರಣ ಹೇಳಿಕೊಡುವುದಿಲ್ಲ. ದೊಡ್ಡವಳಾಗಿ ಇಂಗ್ಲಿಷ್ ಮಾತಾಡಿದರೆ ಮನೆಯಿಂದ ಹೊರಗೆ ಹಾಕುವುದೂ ಇಲ್ಲ.

ಈಗ ನಿಮ್ಮ ಮನೆಗೆ ಬರೋಣ. ಅತ್ತೆಯ ಸಂಜೆಯ ಪಾಠ ನಡೆಯಲಿ. ಒಂದೇ ಕೋರಿಕೆ ಅವರ ಮುಂದಿಡಿ: ಕಣ್ಣು ಕೀಳುವ ದೇವರು ಬೇಡ, 'ಹಾಗೆಲ್ಲ ಕೇಳಬಾರದು' ಬೇಡ. ಆಟ ಆಡಬೇಕು ಅಂದ ಸಂಜೆ ಬಿಟ್ಟುಬಿಡಲಿ. ಇದನ್ನು ಗಂಡನ ಮೂಲಕ ಹೇಳಿಸಬೇಡಿ, ನಾಸ್ತಿಕ ಮಗನ ಬಾಯಿಂದ ಬಂದರೆ ಬೇರೆ ಅರ್ಥ ಹುಟ್ಟುತ್ತದೆ. ನೀವೇ ಹೇಳಿ. ಮೊಮ್ಮಕ್ಕಳ ಪ್ರಶ್ನೆಗಳನ್ನು ಅಜ್ಜಿಯರು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ.

ನಿಮ್ಮ ಪತಿ ತಮ್ಮ ಅಭಿಪ್ರಾಯ ಮುಚ್ಚಿಡುವುದು ಬೇಡ. ಮಗ ಕೇಳಿದರೆ 'ನಂಗೆ ನಂಬಿಕೆ ಇಲ್ಲ, ಯಾಕೆ ಅಂದ್ರೆ...' ಅಂತ ಸಮಾಧಾನವಾಗಿ ಹೇಳಲಿ. ಆದರೆ 'ಅಜ್ಜಿ ಹೇಳೋದೆಲ್ಲ ಸುಳ್ಳು ಕಣೋ' ಅನ್ನುವುದು ಬೇಡ. ಅದು ದೇವರ ಬಗ್ಗೆ ಆಡಿದ ಮಾತಾಗಿ ಉಳಿಯುವುದಿಲ್ಲ, ಅಪ್ಪನ ಪಕ್ಷವೋ ಅಜ್ಜಿಯ ಪಕ್ಷವೋ ಅಂತ ಹುಡುಗನನ್ನು ಕೇಳಿದ ಹಾಗಾಗುತ್ತದೆ. ನಂಬುವ ಅಜ್ಜಿ, ನಂಬದ ಅಪ್ಪ ಒಂದೇ ಪಂಕ್ತಿಯಲ್ಲಿ ಕೂತು ಜಗಳವಿಲ್ಲದೆ ಊಟ ಮಾಡುವುದನ್ನು ನೋಡುತ್ತಾ ಬೆಳೆಯುವ ಮಗುವಿಗೆ ಬ್ರೈನ್‌ವಾಶ್ ಮಾಡುವುದು ಕಷ್ಟ. ನಿಮ್ಮ ಮನೆಗೆ ಇದು ಬಯಸದೇ ಬಂದ ಅನುಕೂಲ. ಇದರ ಜೊತೆಗೆ ಬೇರೆ ಧರ್ಮದವರ ಮನೆಗೆ ಹಬ್ಬಕ್ಕೆ ಕರೆದುಕೊಂಡು ಹೋಗಿ. ಪುಸ್ತಕದಲ್ಲಿ ಓದಿಸುವುದಕ್ಕಿಂತ ಅವರ ಅಡುಗೆಮನೆಯಲ್ಲಿ ಕೂತು ತಿಂದರೆ ಜಾಸ್ತಿ ಕಲಿಯುತ್ತಾನೆ. ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಯಾರು ಏನು ಅನ್ನುತ್ತಾರೆ ಅನ್ನುವುದನ್ನೂ ಅವನು ಕೇಳಿಸಿಕೊಳ್ಳುತ್ತಾನೆ, ಅದು ಗಮನದಲ್ಲಿರಲಿ.

ಮುಂಜಿಯ ಬಗ್ಗೆ. ಚಿಕ್ಕ ವಯಸ್ಸಿಗೇ ಆಗಬೇಕು ಅಂತ ಮಾವ ಅನ್ನುವುದಕ್ಕೆ ಶಾಸ್ತ್ರದ ಆಧಾರ ಇದೆ, ಗರ್ಭದಿಂದ ಎಣಿಸಿ 8ನೇ ವರ್ಷ, ಗರ್ಭಾಷ್ಟಮ ಅನ್ನುತ್ತಾರೆ. ಆದರೆ ಅದೇ ಧರ್ಮಶಾಸ್ತ್ರಗಳು 16 ವರ್ಷದವರೆಗೂ ಅವಕಾಶ ಕೊಟ್ಟಿವೆ. ಹಾಗಾಗಿ 'ಬೇಡ' ಅನ್ನುವ ಬದಲು 'ಇನ್ನು ನಾಲ್ಕೈದು ವರ್ಷ ತಡೀಲಿ, ಅವನು ಅರ್ಥ ಮಾಡಿಕೊಂಡು ಕೂರಲಿ' ಅನ್ನಿ. ಮಾವನಿಗೂ ಇದು ಮಾತಾಡಬಹುದಾದ ನೆಲ. ಏನು ಅಂತ ತಿಳಿದು ಕೂತ 13 ವರ್ಷದ ಹುಡುಗ, ಫೋಟೋದವರು ಹೇಳಿದ ಕಡೆ ತಿರುಗುತ್ತಾ ಕೂತ 9 ವರ್ಷದ ಹುಡುಗ, ಇವರಲ್ಲಿ ಯಾರು ಸಂಧ್ಯಾವಂದನೆ ಮುಂದುವರಿಸಿಯಾರು ಅಂತ ಅವರನ್ನೇ ಕೇಳಿ. ಈಚಿನ ಎಷ್ಟೋ ಮುಂಜಿಗಳಲ್ಲಿ ಛತ್ರ, ಅಡುಗೆಯವರು, ರಿಟರ್ನ್ ಗಿಫ್ಟು ಎಲ್ಲ ನಿಗದಿಯಾದ ಮೇಲೆ ವಟುವಿಗೆ ವಿಷಯ ಗೊತ್ತಾಗುತ್ತದೆ. ಮಾವ ಒಪ್ಪದೆ ಮುಂದಿನ ವರ್ಷವೇ ಮಾಡಬೇಕಾಗಿ ಬಂದರೆ ಆಕಾಶ ಬೀಳುವುದಿಲ್ಲ. ಆದರೆ ಒಂದು ಮಾತು ಈಗಲೇ ಆಗಲಿ: ಮುಂದೆ ಒಂದು ದಿನ ಅವನು ಜನಿವಾರ ತೆಗೆದಿಟ್ಟರೆ ಮನೆಯಲ್ಲಿ ರಂಪ ಆಗಬಾರದು, ಅಜ್ಜನ ಪಕ್ಕದ ಜಾಗ ಅವನಿಗೆ ಹಾಗೇ ಇರಬೇಕು. ಆ ಮಾತಿಗೆ ಮಾವ ಒಪ್ಪಿದರೆ ನಿಮ್ಮ ಪತಿಯೂ ಒಪ್ಪಬಹುದು ಅನ್ನಿಸುತ್ತದೆ.

ಕೊನೆಗೆ, ನೀವು ಕಂಸದೊಳಗೆ ಇಟ್ಟ ಮಗಳು. ಅವಳ ವಿಷಯದಲ್ಲಿ ತಕರಾರಿಲ್ಲ ಅಂದಿದ್ದೀರಿ. ಸಂಜೆ ದೀಪ ಹಚ್ಚಿದಾಗ ಅಜ್ಜಿ ಅಣ್ಣನನ್ನು ಕೂರಿಸಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ, ಇವಳು ಆಗ ಎಲ್ಲಿರುತ್ತಾಳೆ ಅಂತ ಬರೆದಿಲ್ಲ. ಮುಂದಿನ ವರ್ಷ ಮನೆ ತುಂಬ ನೆಂಟರು ಬಂದು ಅಣ್ಣನಿಗೆ ಅಕ್ಷತೆ ಹಾಕುವಾಗ ಅವಳಿಗೆ 6 ವರ್ಷ ಆಗಿರುತ್ತದೆ. ತನಗೆ ಇದು ಇಲ್ಲ ಅನ್ನುವುದನ್ನು ಯಾರೂ ಹೇಳದೆಯೇ ಕಲಿಯುತ್ತಾಳೆ. ಅಕ್ಕ ನಾಗಮ್ಮನಿಗಿಲ್ಲದ ಮುಂಜಿ ನನಗೂ ಬೇಡ ಅಂತ ಬಸವಣ್ಣ ಮನೆಬಿಟ್ಟ ಐತಿಹ್ಯವನ್ನು ನಿಮ್ಮ ಅತ್ತೆಯೂ ಕೇಳಿರುತ್ತಾರೆ, ರಾಮಾಯಣದ ಜೊತೆ ಅದನ್ನೂ ಇಬ್ಬರಿಗೂ ಹೇಳಲಿ. ಆರ್ಯ ಸಮಾಜದವರು ಹೆಣ್ಣುಮಕ್ಕಳಿಗೂ ಉಪನಯನ ಮಾಡುತ್ತಾರೆ ಅನ್ನುವುದನ್ನು ಮಾವನ ಕಿವಿಗೆ ಹಾಕಿ. ಅವರು ಅದಕ್ಕೆ ತಯಾರಿಲ್ಲದಿದ್ದರೆ, 'ನಂಗ್ಯಾಕಿಲ್ಲ ತಾತ?' ಅಂತ ಅವಳು ಕೇಳಿದ ದಿನ ಏನು ಹೇಳಬೇಕು ಅಂತ ನಿಮ್ಮ ಪತಿ ಮತ್ತು ಮಾವ ಒಟ್ಟಿಗೆ ಕೂತು ಈಗಲೇ ತೀರ್ಮಾನ ಮಾಡಲಿ. 'ಅದೆಲ್ಲ ಹಾಗೇನೇ ಪುಟ್ಟಿ' ಅನ್ನುವ ಉತ್ತರ ಮಾತ್ರ ಬೇಡ.